ಮಂಜನ ಕೆಂಪು ಬುಗುರಿ

ಎರಡು ಸಂಗತಿಗಳನ್ನು ಆಗದ ಮಾತು ಎಂದವರು ನಮ್ಮ ದೊಡ್ಡಪ್ಪ. ಒಂದು, ಹೋದವರು ತಿರುಗಿ ಬರುವುದು. ಇನ್ನೊಂದು, ನಾನು ಡಿಗ್ರಿ ಮುಗಿಸುವುದು. "ರೊಟ್ಟಿ ಬಡಿಯಾಕೆ ಯಾವ ಡಿಗ್ರಿ ಬೇಕವ್ವಾ?" ಎನ್ನುತ್ತಿದ್ದರು. ಎರಡೂ ನಮ್ಮ ಮನೆತನದಲ್ಲೇ ಆದವು. ಈಗಲೂ ಎಲ್ಲಾದರೂ ಒದ್ದೆ ವಿಭೂತಿಯ ವಾಸನೆ ಬಂದರೆ ಸೊಕ್ಕೆ ಊರಿನ ನಮ್ಮ ಮನೆಯ ಪಡಸಾಲೆ ಕಣ್ಣಿಗೆ ಕಟ್ಟುತ್ತದೆ: ಸಗಣಿ ಸಾರಿಸಿದ ನೆಲ, ಮೂಲೆಯಲ್ಲಿ ಶೇಂಗಾ ಚೀಲ, ಗೋಡೆಗೆ ಒರಗಿಸಿ ಕೂರಿಸಿದ ನಮ್ಮಜ್ಜಿ. ನಿಮಗೂ ಅಂಥ ಒಂದು ಪಡಸಾಲೆ ಇದ್ದಿರಬೇಕು, ಈಗ ಇಲ್ಲದಿರಬೇಕು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ನನಗಾಗ ಒಂಬತ್ತು ವರ್ಷ. ಹೊಲದಲ್ಲಿ ಕುಸಿದುಬಿದ್ದ ಅಜ್ಜಿಗೆ ಉಸಿರಿಲ್ಲವೆಂದು ಊರ ಹಿರಿಯರು ಮೂಗಿಗೆ ಬೆರಳಿಟ್ಟು ನೋಡಿ ಹೇಳಿದ್ದರು. ಹಣೆತುಂಬ ವಿಭೂತಿ ಬಳಿದು, ಕೊರಳಿಗೆ ಹೂ ಹಾಕಿ, ಭಜನೆ ಶುರುವಾಗಿತ್ತು. ವಿಭೂತಿ ಮೂಗಿಗೆ ಹೋಯಿತೋ ಏನೋ, ಅಜ್ಜಿ ಸೀನಿದಳು. "ತಾಳ ನಿಲ್ಸ್ರೋ, ಕಿವಿ ತೂತಾಗ್ತವೆ" ಅಂದಳು. ತಾಳದವನು ತಾಳ ಬಿಸಾಕಿ ಅಂಗಳ ದಾಟಿ ಓಡಿದ. ದೊಡ್ಡಪ್ಪ ಮಾತ್ರ, "ಸತ್ತಿದ್ರೆ ತಾನೇ ತಿರುಗಿ ಬರಾದು? ಮುದುಕಿಗೆ ಜೋಂಪು ಹತ್ತಿತ್ತು" ಎಂದು ಎಲೆಗೆ ಸುಣ್ಣ ಹಚ್ಚಿಕೊಂಡರು.

ಅದಕ್ಕೆ ಎರಡು ತಿಂಗಳ ಹಿಂದೆ ಆರು ವರ್ಷದ ನನ್ನ ತಮ್ಮ ಮಂಜ ಜ್ವರದಲ್ಲಿ ಹೋಗಿದ್ದ. ಅಂದಿನಿಂದ ಅವ್ವ ಸರಿಯಾಗಿ ಉಂಡಿರಲಿಲ್ಲ, ಸೀರೆಯೊಳಗೆ ಬರೀ ಎಲುಬಾಗಿದ್ದಳು. ಸೀನಿ ಎದ್ದ ಮರುದಿನ ಬೆಳಿಗ್ಗೆ ಅಜ್ಜಿ ಅವಳನ್ನು ಕರೆದು, "ಮಂಜನ್ನ ನೋಡಿ ಬಂದೆ ಕಣೇ. ಬೇವಿನ ಮರದ ನೆಳ್ಳಾಗೆ ಕೆಂಪು ಬುಗುರಿ ಆಡ್ತಿದ್ದ. 'ಅವ್ವ ಉಂಡ್ಲಾ?' ಅಂತ ಕೇಳ್ದ" ಅಂದಳು. ಅವ್ವ ಅಜ್ಜಿಯ ಎದುರಿಗೇ ಕೂತುಬಿಟ್ಟಳು. ಮಣ್ಣು ಮಾಡುವ ಮುಂಚೆ ಆ ಬುಗುರಿಯನ್ನು ಯಾರಿಗೂ ಕಾಣದಂತೆ ಮಗನ ಬಟ್ಟೆಯ ಮಡಿಕೆಯಲ್ಲಿ ಇಟ್ಟವಳು ಅವಳೇ. ಅಂದು ಅವ್ವ ಒಂದೂವರೆ ರೊಟ್ಟಿ ತಿಂದಳು. ದೊಡ್ಡಪ್ಪನೂ ಜೋಂಪಿನ ಮಾತು ಬಿಟ್ಟರು. ಸುತ್ತಲ ಊರಿನ ಹೆಂಗಸರು ತಮ್ಮವರನ್ನು ಕೇಳಿಕೊಂಡು ಬಂದರೆ ಅಜ್ಜಿ, "ನಿಮ್ಮೋರು ಕಾಣ್ಲಿಲ್ಲ ತಾಯಿ" ಎಂದು ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದಳು.

ಅವ್ವ ಬುಗುರಿ ಇಟ್ಟಿದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೆ. ನನಗೆ ಅದು ಬೇಕಾಗಿತ್ತು. ಅದೇ ಸಂಜೆ ಅಜ್ಜಿಯ ಮಡಿಲಲ್ಲಿ ಅತ್ತು ಹೇಳಿಯೂ ಇದ್ದೆ. ಈ ಮಾತನ್ನು ಅವ್ವನ ಮುಂದೆ ಯಾವತ್ತೂ ಬಾಯಿಬಿಡಲಿಲ್ಲ. ಬಿಟ್ಟಿದ್ದರೆ ಅವಳು ಮತ್ತೆ ಉಣ್ಣುತ್ತಿರಲಿಲ್ಲ.

ಮುಂದೆ ದಾವಣಗೆರೆಯಲ್ಲಿ ನರ್ಸಿಂಗ್ ಓದುವಾಗ, ಸಾವಿನ ಅಂಚಿಗೆ ಹೋಗಿ ಬಂದವರಲ್ಲಿ ಕೆಲವರು ಬೆಳಕು ಕಂಡೆವು, ತೀರಿಹೋದವರನ್ನು ಕಂಡೆವು ಎನ್ನುತ್ತಾರೆಂದು ಮೇಡಂ ಪಾಠ ಮಾಡಿದರು. ಉಸಿರು ಕಡಿಮೆಯಾದ ಮಿದುಳಿನ ಆಟವಿರಬಹುದು ಎಂದರು. ಹಾಗಾದರೆ ಅಜ್ಜಿಯ ಮಿದುಳು ನಾನು ಹೇಳಿದ್ದ ಬುಗುರಿಯನ್ನೇ ತಿರುಗಿಸಿತೇ? ಅಥವಾ ನಿಜವಾಗಿ ಮಂಜ ಅಲ್ಲಿದ್ದನೇ? ನನ್ನ ಓದಿನ ಕೊನೆಯ ವರ್ಷ ಅವ್ವ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದುಕೊಂಡೇ, "ಅಳಬ್ಯಾಡ, ಮಂಜ ಕಾಯ್ತಿರ್ತಾನೆ" ಎಂದು ಕಣ್ಣು ಮುಚ್ಚಿದಳು. ಅವಳಿಗೆ ಒಂಚೂರೂ ಅಂಜಿಕೆ ಇರಲಿಲ್ಲ. ಅಂಜಿಕೆಯೆಲ್ಲ ನನಗೆ ಉಳಿಯಿತು.

ಸೊಕ್ಕೆಯ ಮನೆ ಬಿದ್ದುಹೋಗಿದೆ. ಅಜ್ಜಿ ಈಗ ಜಗಳೂರಿನಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದಾಳೆ. ನಮ್ಮ ವಂಶದ ಮೊದಲ ಡಿಗ್ರಿ ಸರ್ಟಿಫಿಕೇಟನ್ನು ಅವಳ ಕೈಗೇ ಕೊಟ್ಟೆ. ಓದು ಬಾರದ ಅಜ್ಜಿ ಮುದ್ರೆಯ ಉಬ್ಬನ್ನು ಹೆಬ್ಬೆರಳಿನಿಂದ ಸವರುತ್ತ ಕೂತಳು. "ಅಜ್ಜಿ, ಅವತ್ತು ಮಂಜ ಕಂಡಿದ್ನಾ?" ಎಂದು ಕೇಳಿದೆ. ಅವ್ವ ಇನ್ನೂ ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ ಎಂಬಂತೆ ಅವಳು ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ನಿಮ್ಮವ್ವಗೆ ಹೇಳಬ್ಯಾಡ. ಅಲ್ಲಿ ಏನೂ ಇರ್ಲಿಲ್ಲ ತಾಯಿ. ಕತ್ಲು ಸೈತ ಇರ್ಲಿಲ್ಲ."