ಚಂದ್ರಿಕೆಗೆ ಸಿಕ್ಕ ಬಿಸಿಲು

ನೋಡ್ರಪ್ಪಾ, ಇವತ್ತು ಡಾಕ್ಟರು ನನ್ನ ತಂಗಿಗೆ ಬಿಸಿಲು ಬರೆದುಕೊಟ್ಟರು.

ಅವಳು ಹಾರೋಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಬಟ್ಟೆ ಹೊಲಿಯುತ್ತಾಳೆ. ವೈರಲ್ ಜ್ವರ ಬಿಟ್ಟಂತೆ ಮಾಡಿ ಮತ್ತೆ ಬರುತ್ತಿತ್ತು. "ವಿಟಮಿನ್ ಡಿ ತೀರಾ ಕಡಿಮೆ ಇದೆ. ಸೋಂಕು ತಡೆಯೋಕೆ ಮೈಗೆ ಅದೂ ಬೇಕು. ಮಾತ್ರೆ ತಗೊಳ್ಳಲಿ, ದಿನಾ ಸ್ವಲ್ಪ ಬಿಸಿಲಲ್ಲೂ ಇರಲಿ" ಎಂದರು.

ಅವ್ವನಿಗೆ ಸಿಟ್ಟು ಬಂತು. "ಏನ್ ಸಾಮಿ, ಬೇಸಾಯದೋರ್ ಮನೇಲಿ ಬಿಸ್ಲಿಗೆ ಬರವಾ?"

ತಂಗಿ ಮೆಲ್ಲಗೆ ಹೇಳಿದಳು: "ಕತ್ಲಲ್ಲಿ ಬಸ್ ಹತ್ತಿ ಕತ್ಲಲ್ಲೇ ಇಳೀತೀನಿ ಕಣವ್ವ. ಭಾನ್ವಾರ ಅಂಗ್ಳಕ್ ಬಂದ್ರೆ, ಕಪ್ಪಾದ್ರೆ ಗಂಡಿನೋರು ಒಪ್ಪಲ್ಲ ಅಂತ ನೀನೇ ಒಳಿಕ್ ಕಳಿಸ್ತೀಯ."

ಅವ್ವ ಮಾತ್ರೆ ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಎದ್ದಳು.

ಮನೆಗೆ ಬಂದರೆ ಅಂಗಳದ ತುಂಬ ಚಂದ್ರಿಕೆ, ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಗಳು. ಹುಳಕ್ಕೆ ರೋಗ ತಗಲಬಾರದೆಂದು ಅವ್ವನೇ ಬೆಳಿಗ್ಗೆ ತೊಳೆದು ಬಿಸಿಲಿಗಿಟ್ಟಿದ್ದಳು. ಈಗ ಒಂದನ್ನು ಪಕ್ಕಕ್ಕೆ ಸರಿಸಿ, ಅಲ್ಲಿ ಚಾಪೆ ಹಾಸಿ, "ಕೂತ್ಕೊ ಮಗ" ಎಂದಳು.

ತಂಗಿ ಕೂತಳು. ಅಷ್ಟರಲ್ಲಿ ಹೊತ್ತಿಳಿದು ಬಿಸಿಲು ಸೂರಿನ ಮೇಲಕ್ಕೆ ಹೋಗಿತ್ತು.

ನಾಳೆ ಸೋಮವಾರ. ಕತ್ತಲಲ್ಲೇ ಬಸ್ಸು ಬರುತ್ತದೆ. ಚಂದ್ರಿಕೆಗಳು ಮಾತ್ರ ದಿನವಿಡೀ ಬಿಸಿಲು ಕಾಯಿಸುತ್ತವೆ.