ಹೆರಿಗೆ ಕೋಣೆಯ ಮಂಚ

ನೆಲ್ಯಹುದಿಕೇರಿಯಿಂದ ಸ್ವಲ್ಪ ಮೇಲೆ, ಹೊಳೆಯ ತಿರುವಿನಲ್ಲಿರುವ ಹಳೆಯ ಎಸ್ಟೇಟ್ ಆಸ್ಪತ್ರೆಯನ್ನು ಮ್ಯೂಸಿಯಂ ಮಾಡಿದಾಗ, ಅಲ್ಲಿ ಗುಡಿಸಿ ಒರೆಸುವ ಕೆಲಸವನ್ನು ಸರೋಜ ತಾನಾಗಿಯೇ ಕೇಳಿ ಪಡೆದಳು. ಐವತ್ತು ದಾಟಿದ ಅವಳು ಹುಟ್ಟಿದ್ದು ಅಲ್ಲೇ. ಅದೇ ದಿನ ತಾಯಿ ತೀರಿಕೊಂಡದ್ದೂ ಅಲ್ಲೇ. ಸಾಕಿದ ಚಿಕ್ಕಮ್ಮ ಅದಕ್ಕಿಂತ ಹೆಚ್ಚೇನೂ ಹೇಳಿರಲಿಲ್ಲ. ತಾಯಿಯದೊಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ.

ದೊಡ್ಡ ವಾರ್ಡಿನಲ್ಲಿ ಈಗ ಕೊಡವರು ಸೊಂಟಕ್ಕೆ ಸಿಕ್ಕಿಸುವ ಒಡಿಕತ್ತಿ, ಹಿತ್ತಾಳೆ ದೀಪ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಹಳೆಯ ಪಲ್ಪರ್. ಹೆರಿಗೆ ಕೋಣೆಯನ್ನು ಮಾತ್ರ ಇದ್ದ ಹಾಗೆಯೇ ಉಳಿಸಿದ್ದರು: ಕಬ್ಬಿಣದ ಮಂಚ, ಬಿಳಿ ಮೇಲುಹಾಸು, ಮುಟ್ಟಬಾರದೆಂಬ ಬೋರ್ಡು. ಬೆಳಿಗ್ಗೆ ಬಂದು ನೋಡಿದರೆ ಮೇಲುಹಾಸಿನ ಅಂಚು ಯಾರೋ ಮುಷ್ಟಿಯಲ್ಲಿ ಹಿಡಿದು ಹಿಂಡಿದಂತೆ ಮುದ್ದೆಯಾಗಿರುತ್ತಿತ್ತು. ಸರೋಜ ಎಳೆದು ಸರಿ ಮಾಡುತ್ತಿದ್ದಳು. ಮಧ್ಯಾಹ್ನಕ್ಕೆ ಮತ್ತೆ ಹಾಗೇ. ಬೆಕ್ಕಿರಬೇಕೆಂದು ಕಿಟಕಿ ಭದ್ರ ಮಾಡಿದಳು. ಒಳಗೆ ಯಾರೋ ಗೊಣಗಿದ್ದು ಕೇಳಿಸಿತೆಂದು ವಾಚ್‌ಮನ್ ಮಹದೇವಪ್ಪ ಆ ಕಡೆ ಕಾಲಿಡುವುದನ್ನೇ ಬಿಟ್ಟ. ಸರೋಜಳಿಗೆ ಭಯವಾಗಲಿಲ್ಲ. ಕೆಲಸ ಮುಗಿದರೂ ಅಲ್ಲೇ ಸುಳಿದಾಡುತ್ತಿದ್ದಳು.

ಕಳೆದ ವರ್ಷ ಶನಿವಾರಸಂತೆಯಿಂದ ಚನ್ನಬಸಮ್ಮ ಎಂಬ ಮುದುಕಿ ಮ್ಯೂಸಿಯಂ ನೋಡಲು ಬಂದಳು. ಹಿಂದೆ ಆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಸರೋಜ ತಾನು ಯಾರ ಮಗಳೆಂದು ಹೇಳಿದಾಗ ಮುದುಕಿ ಆ ದಿನದ ಕಥೆ ಹೇಳತೊಡಗಿದಳು. ಆ ದಿನ ಹೊಳೆ ಉಕ್ಕಿ ಸೇತುವೆ ಮುಳುಗಿತ್ತಂತೆ. ಮಡಿಕೇರಿಗೆ ಕರೆದೊಯ್ಯಲು ಜೀಪು ಬರಲಿಲ್ಲವಂತೆ. ಹುಟ್ಟಿದ ಮಗು ಅಳದೆ ನೀಲಿಗಟ್ಟಿತ್ತು. ಬೆಂಕಿಯ ಕಾವಿಗೆಂದು ಅಡುಗೆ ಕೋಣೆಗೆ ಎತ್ತಿಕೊಂಡು ಓಡಿದವಳು ಚನ್ನಬಸಮ್ಮನೇ.

“ನಿಮ್ಮವ್ವ ಮೇಲುಹಾಸ್ನ ಬಿಗಿಯಾಗಿ ಹಿಡ್ಕಂಡು, ಕೂಸೆಲ್ಲಿ, ಕೂಸೆಲ್ಲಿ ಅಂತಿದ್ಲು ಕಣವ್ವ. ನೀನು ಅತ್ತ ತಕ್ಷಣ ನಿನ್ನ ಎತ್ಕಂಡು ಓಡಿಬಂದೆ. ಅಷ್ಟೊತ್ತಿಗೆ ಆಗೋಗಿತ್ತು.”

ಮುದುಕಿ ಹೋದ ಮೇಲೆ ಸರೋಜ ಬೋರ್ಡು ಸರಿಸಿ ಮಂಚದ ಮೇಲೆ ಕುಳಿತಳು. ಮುದ್ದೆಯಾದ ಅಂಚಿನ ಮೇಲೆ ಕೈಯಿಟ್ಟು, “ಅವ್ವಾ, ನಾ ಇಲ್ಲೇ ಒಳೆ,” ಇಲ್ಲೇ ಇದ್ದೇನೆ ಎಂದು, ಮನೆಯ ಮಾತಾದ ಅರೆಭಾಷೆಯಲ್ಲಿ ಮೆಲ್ಲಗೆ ಹೇಳಿದಳು. ತಣ್ಣನೆಯ ಬೆರಳುಗಳು ಅವಳ ಕೈಯನ್ನು ಹಿಡಿದುಕೊಂಡವು. ಅವಳು ಬಿಡಿಸಿಕೊಳ್ಳಲಿಲ್ಲ. ಸಂಜೆ ಗೇಟು ಮುಚ್ಚುವ ಹೊತ್ತಿಗೆ ಆ ಹಿಡಿತ ತಾನಾಗಿ ಸಡಿಲಿತು.

ಅಂದಿನಿಂದ ಮೇಲುಹಾಸಿನಲ್ಲಿ ಒಂದು ಸುಕ್ಕೂ ಬಿದ್ದಿಲ್ಲ. ಮಹದೇವಪ್ಪನಿಗೂ ಧೈರ್ಯ ಬಂದಿದೆ. ಸರೋಜ ಮಾತ್ರ ಈಗ ಪೊರಕೆ ಹಿಡಿದು ಬಾಗಿಲವರೆಗೆ ಹೋಗಿ ನಿಂತುಬಿಡುತ್ತಾಳೆ. ಒಳಗೆ ಯಾರೂ ಇಲ್ಲದಿರುವುದನ್ನು ಅವಳಿಂದ ತಡೆದುಕೊಳ್ಳಲಾಗುವುದಿಲ್ಲ. ಆ ಕೋಣೆಯನ್ನು ಮಹದೇವಪ್ಪನೇ ಗುಡಿಸುತ್ತಾನೆ.