ತಗ್ಗು ಬಾಗಿಲಿನ ಮೇಲಿದ್ದ ಕೈ

ಶನಿವಾರ, ಬೆಳಿಗ್ಗೆ ಒಂಬತ್ತೂವರೆ. ಹಾಜರಿದ್ದವರು ಮೂವರು: ನಾನು, ನನ್ನ ಅಕ್ಕ, ಹೇಳಿದ ಹೊತ್ತಿಗೆ ಸರಿಯಾಗಿ ಬಂದ ಬಡಗಿ. ಸ್ಥಳ, ಶಿರಸಿ ಪೇಟೆಯ ಹಿಂದಿನ ಓಣಿಯಲ್ಲಿರುವ ಹಳೆಯ ವೈದ್ಯರ ಮನೆ. ಈಗ ಅದು ಚಿಕ್ಕದೊಂದು ವಸ್ತುಸಂಗ್ರಹಾಲಯ. ಕೆಲಸ, ಅದರ ತಗ್ಗು ಬಾಗಿಲಿನ ಮೇಲ್ಮರಕ್ಕೆ ರಬ್ಬರಿನ ಮೆತ್ತೆ ಹೊಡೆಯುವುದು, ಬಂದವರ ಹಣೆ ಒಡೆಯದ ಹಾಗೆ.

ಬಡಗಿ ಮರದ ಮೇಲೆ ಕೈಯಾಡಿಸಿ ಒಂದು ಕಡೆ ನಿಲ್ಲಿಸಿದ.

"ಇಲ್ಲೊಂದ್ಕಡೆ ಮಾತ್ರ ಪಾಲಿಶ್ ಹೊಡ್ದಂಗದೆಯಲ್ಲ ಅಮ್ಮ. ಯಾರು ಹೊಡ್ದಿದ್ದು?"

"ನಮ್ಮನೆಯವರು," ಅಂದಳು ಅಕ್ಕ. "ಬರೀ ಕೈಯಲ್ಲಿ."

ಅವಳು ಹೇಳಿದ್ದು ನಿಜ. ಭಾವನ ಬಲಗೈ ಮೊರದಷ್ಟು ಅಗಲ. ಬೆರಳಿನ ಗಂಟುಗಳ ಮೇಲೆ ಚರ್ಮ ಸದಾ ಸುಲಿದಿರುತ್ತಿತ್ತು. ರಾತ್ರಿ ಅದಕ್ಕೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದರು, ಬೆಳಿಗ್ಗೆ ಮತ್ತೆ ಅದೇ ಕೈಯನ್ನು ಈ ಮರಕ್ಕೆ ಒತ್ತಿ ನಿಲ್ಲುತ್ತಿದ್ದರು. ಕೈಯ ಹಿಂಭಾಗ ಮರಕ್ಕೆ, ಅಂಗೈ ಕೆಳಕ್ಕೆ. ಬಗ್ಗಲು ಮರೆತವರ ತಲೆ ಮರಕ್ಕೆ ತಾಗುವ ಬದಲು ಭಾವನ ಅಂಗೈಗೆ ತಾಗುತ್ತಿತ್ತು. ತಾಗಿದವರು ಗಾಬರಿಯಾಗಿ ತಲೆಯೆತ್ತುವಷ್ಟರಲ್ಲಿ ಭಾವ ಕೇಳಿಯಾಗಿರುತ್ತಿತ್ತು: "ಆಸ್ರಿಗೆ ಎಂತ ಬೇಕು?"

ನಮ್ಮ ಕಡೆಯ ಮನೆಗಳಲ್ಲಿ ನೆಂಟರಿಗೆ ಮೊದಲು ಕೇಳುವ ಮಾತು ಇದು. ಬಾಯಾರಿಕೆಗೆ ನೀರೋ, ಮಜ್ಜಿಗೆಯೋ, ಚಹವೋ ಎಂದು. ಬಂದ ಕೆಲಸ, ಊರು, ಹೆಸರು ಎಲ್ಲ ಆಮೇಲೆ. ಟಿಕೇಟು ತೆಗೆದುಕೊಂಡು ಬಂದವರನ್ನೂ ಭಾವ ಹೀಗೇ ಕೇಳುತ್ತಿದ್ದರು. ಕೊಡುತ್ತಲೂ ಇದ್ದರು.

ಭಾವ ಎಂದರೆ ಅಕ್ಕನ ಗಂಡ. ಈ ಮನೆಯ ಹಿರಿಯ ವೈದ್ಯರ ಮೊಮ್ಮಗ, ಅವರ ನಂತರದ ವೈದ್ಯರ ಮಗ. ಆದರೆ ಶಾಲೆಯ ಮಕ್ಕಳೂ ಅವರನ್ನು 'ಭಾವಜ್ಜ' ಎನ್ನುತ್ತಿದ್ದುದರಿಂದ ಆ ಸಂಬಂಧ ನನ್ನೊಬ್ಬಳ ಸ್ವತ್ತಾಗಿ ಉಳಿಯಲಿಲ್ಲ. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ನಿವೃತ್ತಳಾದವಳು. ಐದಕ್ಕೆ ಏಳುವುದು, ಕೆಲಸ ಮುಗಿಸಿ ಕೂರುವುದು, ಸಾಮಾನು ತೆಗೆದಲ್ಲೇ ಇಡುವುದು, ಇವು ನನ್ನ ಮೈಗೆ ಹತ್ತಿದವು. ಭಾವ ಕೀಲಿಕೈಯನ್ನು ಮಜ್ಜಿಗೆ ಪಾತ್ರೆಯ ಮುಚ್ಚಳದ ಮೇಲೆ ಮರೆಯುವವರು. ಮ್ಯೂಸಿಯಮ್ಮಿನ ಟ್ರಸ್ಟಿನವರು ಅದನ್ನು ನೋಡಿಕೊಳ್ಳಲು ನಮ್ಮಿಬ್ಬರನ್ನೂ ಒಟ್ಟಿಗೆ ನೇಮಿಸಿದಾಗ ಅಕ್ಕ ನಕ್ಕಳು. ಭಾವ ದಿನಾ ಬೆಳಿಗ್ಗೆ ನನ್ನನ್ನು ಕಂಡ ಕೂಡಲೇ ಕೇಳುತ್ತಿದ್ದರು: "ಎಂತ ಮೇಟ್ರನ್ನೇ, ಇವತ್ತು ಯಾರಿಗೆ ಸೂಜಿ ಚುಚ್ಚವು?"

ಮ್ಯೂಸಿಯಮ್ಮಿನ ಮೊದಲ ದಿನಗಳಲ್ಲಿ ಈ ತಗ್ಗು ಬಾಗಿಲು ಮುಚ್ಚಿತ್ತು. ಎಲ್ಲರೂ ಎದುರಿನ ಹೆಬ್ಬಾಗಿಲಿನಿಂದಲೇ ಬರುತ್ತಿದ್ದರು. ಎತ್ತರದ ಜಗುಲಿ, ಕಡಿದಾದ ಮೆಟ್ಟಿಲು, ಕೆತ್ತನೆಯ ಬಾಗಿಲು, ಮೊಳಕಾಲೆತ್ತಿ ದಾಟಬೇಕಾದ ಹೊಸ್ತಿಲು. ಮಂಡಿ ನೋವಿನವರು ಜಗುಲಿಯ ಕೆಳಗೇ ನಿಂತು, "ಚೊಲೋ ಇದ್ದು, ಚೊಲೋ ಇದ್ದು," ಎಂದು ಬಾಗಿಲನ್ನಷ್ಟೇ ಹೊಗಳಿ ಹೋಗುತ್ತಿದ್ದರು.

ಒಂದು ದಿನ ಬನವಾಸಿ ಕಡೆಯ ಒಂದು ಶಾಲೆಯಿಂದ ಫೋನು ಬಂತು. ಮಾತಾಡಿದವರು ಅಲ್ಲಿನ ಟೀಚರು. ಭಾವನಿಗೆ ಕಿವಿ ಸ್ವಲ್ಪ ಮಂದವಾದ್ದರಿಂದ ಫೋನಿನ ಸ್ಪೀಕರು ಯಾವಾಗಲೂ ಹಾಕಿಯೇ ಇರುತ್ತಿತ್ತು. ನಾನೂ ಕೇಳಿಸಿಕೊಂಡೆ.

"ನಾ ಗಾಲಿ ಕುರ್ಚಿ ಮ್ಯಾಲ ಇರಾಕಿರಿ. ಪ್ರವಾಸ ಅಂದ್ರ ನಂದು ಒಂದ ಕೆಲಸ. ಮಕ್ಕಳು ಒಳಗ ಹೋಗ್ತಾವು, ನಾ ಹೊರಗ ಕುಂತು ಅವರ ಚಪ್ಪಲಿ ಕಾಯ್ತೀನಿ. ಈ ಸಲ ಚಪ್ಪಲಿ ಕಾಯಂಗಿಲ್ಲ ಅಂತ ಠರಾಯಿಸೀನಿ. ನಿಮ್ಮಲ್ಲಿ ನಾನೂ ಒಳಗ ಬರಾಕ ಆಗ್ತೈತೇನ್ರಿ? ಆಗೂದಿಲ್ಲಂದ್ರ ಈಗ ಹೇಳಿಬಿಡ್ರಿ, ಬ್ಯಾರೆ ಕಡೆ ನೋಡ್ತೀವಿ."

"ಬನ್ನಿ, ಬನ್ನಿ. ಧಾರಾಳ ಬನ್ನಿ," ಅಂದರು ಭಾವ. ಫೋನು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಮೇಟ್ರನ್ನೇ, 'ಬನ್ನಿ' ಹೇಳಿ ಆನು ಹೇಳಿಬಿಟ್ಟಿ. ಈಗ ಹ್ಯಾಂಗೆ ಹೇಳಿ ನೀನೇ ಹೇಳು."

ನಾನು ಹೇಳುವ ಮೊದಲೇ ಅವರ ಕೆಲಸ ಶುರುವಾಗಿತ್ತು. ಅಡಿಕೆ ಮರ ಸೀಳಿದ ದಬ್ಬೆಗಳನ್ನು ಒತ್ತೊತ್ತಾಗಿ ಕಟ್ಟಿಸಿ ಜಗುಲಿಗೆ ಒಂದು ಇಳಿಜಾರು ಮಾಡಿಸಿದರು. ನೋಡಲು ಬಹಳ ಚಂದವಾಗಿತ್ತು. ಪರೀಕ್ಷೆ ಮಾಡದೆ ಯಾರನ್ನೂ ಹತ್ತಿಸುವುದಿಲ್ಲ ಎಂದು ನಾನು ಹಟ ಹಿಡಿದೆ. ಪರಿಚಯದವರಿಂದ ಗಾಲಿ ಕುರ್ಚಿ ತಂದೆ. ಭಾವ ತಾವೇ ಕುಳಿತರು. ನಾನು ಕುಳ್ಳಿ, ಅವರು ಆರಡಿ ಮೀರಿದ ಆಳು. ಅರ್ಧ ದಾರಿ ಹತ್ತಿಸಿದೆ. ಅಲ್ಲಿಂದ ಮುಂದೆ ನುಣುಪು ದಬ್ಬೆಯ ಮೇಲೆ ನನ್ನ ಕಾಲೇ ಹಿಂದಕ್ಕೆ ಬಂತು. ಜಾರುವ ಭಾರದ ಹಿಂದೆ ನಿಲ್ಲಬಾರದೆಂದು ನಮಗೆ ಕಲಿಸಿದ್ದರು. ನಾನು ಪಕ್ಕಕ್ಕೆ ಸರಿದೆ. ಭಾವ ಕುರ್ಚಿ ಸಮೇತ ಹಿಮ್ಮುಖವಾಗಿ ಹೋಗಿ ದಾಸವಾಳದ ಪೊದೆಯಲ್ಲಿ ಕುಳಿತರು.

ಅಕ್ಕ ಹೊರಗೆ ಬಂದು ಮೊದಲು ಗಿಡ ನೋಡಿದಳು. "ಯನ್ನ ದಾಸಾಳ ಗಿಡ ಮುರದೋತು. ನಿಮಗೆ ಆಡ್ಲೆ ಬೇರೆ ಎಂತೂ ಸಿಕ್ಕಿದ್ದಿಲ್ಯಾ?"

ಪೊದೆಯೊಳಗಿಂದ ಉತ್ತರ ಬಂತು. "ಗಿಡ ಇದ್ದಿತ್ತು ಹೇಳಿ ಆನು ಉಳ್ಕಂಡಿ. ಅದ್ಕೊಂದು ನಮಸ್ಕಾರ ಮಾಡು."

ಆಮೇಲೆ ಟೇಪು ಹಿಡಿದು ಅಳೆದೆವು. ಕುರ್ಚಿ ಸಲೀಸಾಗಿ ಹತ್ತುವಷ್ಟು ನಿಧಾನದ ಇಳಿಜಾರು ಬೇಕೆಂದರೆ ಅದು ಓಣಿ ದಾಟಿ ಎದುರಿನ ಟೈಲರ್ ಅಂಗಡಿಯೊಳಗೆ ಹೋಗಬೇಕಿತ್ತು. ಟೈಲರು, "ನನ್ನ ಮಿಶನ್ನಿನ ಮೇಲಿಂದ್ಲೇ ಶುರು ಮಾಡಿ," ಎಂದು ನಕ್ಕ.

ಆಗ ನಾನು ರೋಗಿಯ ಬಾಗಿಲಿನ ಮಾತೆತ್ತಿದೆ.

ಮನೆಯ ಪಕ್ಕದ ಗೋಡೆಯಲ್ಲಿರುವ ಈ ತಗ್ಗು ಬಾಗಿಲೇ ಅದು. ವೈದ್ಯರಿದ್ದ ಕಾಲದಲ್ಲಿ ಕಾಯಿಲೆಯವರನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ತರುತ್ತಿದ್ದುದು ಅಲ್ಲಿಂದ. ಹೊರುವವರು ಎಡವಬಾರದೆಂದು ಅದಕ್ಕೆ ಹೊಸ್ತಿಲು ಇಲ್ಲ, ಅಂಗಳಕ್ಕೆ ಸಮ. ಜೋಲಿಯ ಎರಡೂ ಪಕ್ಕ ಜನ ನಿಲ್ಲಬೇಕೆಂದು ತುಂಬ ಅಗಲ. ಆ ಕಡೆ ಮಾಡು ಇಳಿದಿರುವುದರಿಂದ ತಗ್ಗು. ಗಾಲಿ ಕುರ್ಚಿಗೆ ಹೇಳಿ ಮಾಡಿಸಿದ ಹಾಗಿತ್ತು. ಮ್ಯೂಸಿಯಂ ಮಾಡುವಾಗ ಅದಕ್ಕೆ ಚಿಲಕ ಹಾಕಿ ಅಡ್ಡಲಾಗಿ ಔಷಧದ ಕಪಾಟು ನಿಲ್ಲಿಸಿದ್ದರು.

ಭಾವ ಟೇಪು ಸುತ್ತಿ ನನ್ನ ಕೈಗಿಟ್ಟು ಒಳಗೆ ಹೋದರು. ಮನೆಯವರು ಆ ಬಾಗಿಲು ದಾಟುವ ಪದ್ಧತಿ ಇರಲಿಲ್ಲ. ರೋಗ ಹಿಂದೆ ಬರುತ್ತದೆಂಬ ಹೆದರಿಕೆ. ಚಿಕ್ಕಂದಿನಲ್ಲಿ ಅದರ ಚಿಲಕ ಮುಟ್ಟಿದ್ದಕ್ಕೆ ತಾಯಿ ಅವರನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ತಲೆಗೆ ನೀರು ಸುರಿದಿದ್ದರಂತೆ. ಹುಟ್ಟಿ ಬೆಳೆದ ಮನೆಯ ಆ ಒಂದು ಬಾಗಿಲನ್ನು ಭಾವ ಮುದುಕರಾಗುವ ತನಕ ದಾಟಿರಲಿಲ್ಲ.

ಮರುದಿನ ಬಂದು ಹೇಳಿದರು. "ಕಪಾಟು ಸರ್ಸು. ಟೀಚರ್ರನ್ನ ನೀನು ಅಲ್ಲಿಂದ ಕರ್ಕಂಡು ಬಾ. ಆನು ಮಕ್ಕಳ ಜೊತಿಗೆ ಎದುರು ಬಾಗ್ಲಲ್ಲಿ ಇರ್ತಿ."

ನನಗೆ ಅದು ಸರಿಯಾದ ಏರ್ಪಾಡು ಎಂದೇ ಕಂಡಿತು.

ಟೀಚರು ಬಂದರು. ನಲವತ್ತರ ಆಸುಪಾಸಿನವರು, ಇಸ್ತ್ರಿ ಮಾಡಿದ ಹತ್ತಿ ಸೀರೆ, ಕೊರಳಲ್ಲಿ ಸೀಟಿ. ಒಮ್ಮೆ ಸೀಟಿ ಊದಿದರು, ಮಕ್ಕಳೆಲ್ಲ ಸಾಲಾದರು. ನನಗೆ ಆಗಲೇ ಅವರ ಮೇಲೆ ಗೌರವ ಹುಟ್ಟಿತು. ಮಕ್ಕಳು ಭಾವನ ಹಿಂದೆ ಜಗುಲಿ ಹತ್ತಿದರು. ನಾನು ಟೀಚರನ್ನು ಪಕ್ಕದ ಅಂಗಳಕ್ಕೆ ಕರೆದುಕೊಂಡು ಹೋದೆ. ತೆರೆದ ಬಾಗಿಲಿನ ಮುಂದೆ ಅವರು ಗಾಲಿಯ ಮೇಲೆ ಕೈಯಿಟ್ಟು ಕುರ್ಚಿ ನಿಲ್ಲಿಸಿದರು.

"ಈ ಬಾಗ್ಲ ನನಗ ಗೊತ್ತೈತ್ರಿ," ಅಂದರು. "ಸಣ್ಣಾಕಿ ಇದ್ದಾಗ ನಮ್ಮಪ್ಪ ನನ್ನ ಹೊತ್ಕೊಂಡು ಇಲ್ಲಿಗೇ ಬಂದಿದ್ದ. ಔಷಧದ ವಾಸನಿ ಇನ್ನೂ ನೆನಪೈತಿ. ಅವತ್ತು ರೋಗಿ ಅಂತ ಬಂದೆ. ಇವತ್ತು ನನಗ ಯಾವ ರೋಗ ಐತ್ರಿ? ಮಕ್ಕಳು ಆ ಬಾಗ್ಲ, ಅವರ ಟೀಚರ್ ಈ ಬಾಗ್ಲ ಅಂದ್ರ ನಾ ಇಲ್ಲೇ ಇರ್ತೀನಿ. ಚಪ್ಪಲಿ ಕಾಯಾಕ ನನಗ ರೂಢಿ ಐತಿ."

ಸಿಟ್ಟಿನಿಂದ ಹೇಳಲಿಲ್ಲ. ಹಾಜರಿ ಕರೆಯುವ ದನಿಯಲ್ಲಿ ಹೇಳಿದರು. ಅವರು ಕುರ್ಚಿ ತಿರುಗಿಸಿದರು. ನಾನು ನೇರವಾಗಿ ಹೋಗಿ ಜಗುಲಿಯ ಕೆಳಗೆ ನಿಂತು ನಡೆದದ್ದನ್ನು ಭಾವನಿಗೆ ವರದಿ ಮಾಡಿದೆ.

ಭಾವ ಮಜ್ಜಿಗೆಯ ತಂಬಿಗೆ ಕೆಳಗಿಟ್ಟರು. ಮಕ್ಕಳನ್ನೆಲ್ಲ ಜಗುಲಿಯಿಂದ ಇಳಿಸಿ ನನ್ನ ಜೊತೆ ಪಕ್ಕದ ಅಂಗಳಕ್ಕೆ ಕಳಿಸಿದರು. ತಾವು ಒಳಗೆ ಹೋಗಿ ಹೆಬ್ಬಾಗಿಲು ಮುಚ್ಚಿದರು. ಅಗಣಿ ಬಿದ್ದ ಸದ್ದು ಓಣಿಗೆಲ್ಲ ಕೇಳಿಸಿತು. ಒಳಗೆ ಅವರ ಹೆಜ್ಜೆ ಮನೆ ಹಾದು ರೋಗಿಯ ಬಾಗಿಲಿನ ತನಕ ಬಂದದ್ದು, ಅಲ್ಲಿ ಒಂದು ಕ್ಷಣ ನಿಂತದ್ದು ನನಗೆ ಗೊತ್ತಾಯಿತು. ಆಮೇಲೆ ಅವರು ಹೊರಗೆ ಬಂದರು.

ಬಂದದ್ದು ಬಂದರು, ಬಗ್ಗಲಿಲ್ಲ. ಒಮ್ಮೆಯೂ ದಾಟದ ಬಾಗಿಲಿನ ಎತ್ತರ ಅವರಿಗೆ ಹೇಗೆ ಗೊತ್ತಿರಬೇಕು? ಹಣೆ ಮೇಲ್ಮರಕ್ಕೆ ಬಡಿದ ಸದ್ದಿಗೆ ಮಕ್ಕಳು ಉಸಿರು ಹಿಡಿದರು. ನಾನು ಐಸು ತರಲು ಹೊರಟೆ. ಭಾವ ಎಡಗೈಯಿಂದ ಹಣೆ ಉಜ್ಜಿಕೊಳ್ಳುತ್ತ ಬಲಗೈಯನ್ನು ಆ ಮರಕ್ಕೆ ಒತ್ತಿ ಹಿಡಿದರು.

"ಬನ್ನಿ ಟೀಚರೇ," ಅಂದರು. "ಇವತ್ತಿಂದ ಈ ಮನೆಗೆ ಬಾಗಿಲು ಇದೊಂದೇ. ಎಲ್ಲರೂ ಇಲ್ಲಿಂದಲೇ ಬರ್ತಾರೆ. ಮೊದಲು ನೀವು. ಆಸ್ರಿಗೆ ಎಂತ ಬೇಕು?"

ಟೀಚರು ಅವರ ಹಣೆ ನೋಡಿದರು. ಅದು ಊದತೊಡಗಿತ್ತು. ಅವರಿಗೆ ನಗು ತಡೆಯಲಾಗಲಿಲ್ಲ.

"ಮಜ್ಜಿಗಿ ಕೊಡ್ರಿ," ಅಂದರು. "ನಿಮಗ ಮೊದಲು ಅರಿಶಿನ ಹಚ್ಚಬೇಕು ನೋಡ್ರಿ."

ಅವರು ಬೆನ್ನು ನೆಟ್ಟಗೆ ಇಟ್ಟುಕೊಂಡೇ ಒಳಗೆ ಹೋದರು. ಹಿಂದೆ ಮಕ್ಕಳು ಹೋದರು. ಸಹಾಯಕ್ಕೆ ಬಂದ ಎತ್ತರದ ಮೇಷ್ಟರು ಮಾತ್ರ ಸೊಂಟ ಬಗ್ಗಿಸಿ ಹೋಗಬೇಕಾಯಿತು. ಟೀಚರು ಒಳಗಿನಿಂದ ತಿರುಗಿ ನೋಡಿ, "ಜ್ವಾಕಿ ಸರ್, ನಿಮ್ಮಂಥವರಿಗೆ ಸ್ವಲ್ಪ ತ್ರಾಸೈತಿ ಇಲ್ಲಿ," ಅಂದರು.

ಹೆಬ್ಬಾಗಿಲನ್ನು ಆಮೇಲೆ ತೆರೆಯಲಿಲ್ಲ. ಕಾಲು ತೊಳೆಯುವ ನೀರಿನ ಕೊಡ, ಬೆಂಚು, ಫಲಕ, ಭಾವ, ಎಲ್ಲವೂ ಈ ಕಡೆಗೆ ಬಂದವು. ಕೆತ್ತನೆಯ ಬಾಗಿಲು ಮುಚ್ಚಿಟ್ಟರೆ ಜನ ಏನು ನೋಡುತ್ತಾರೆ ಎಂದು ಟ್ರಸ್ಟಿನವರೊಬ್ಬರು ಗೊಣಗಿದರು. "ಒಳಗಿಂದ ನೋಡಲಿ. ಆ ಬದಿಗೂ ಕೆತ್ತನೆ ಇದೆ. ಇಷ್ಟು ವರ್ಷ ಯಾರೂ ತಿರುಗಿ ನೋಡಿರಲಿಲ್ಲ," ಅಂದರು ಭಾವ.

ಅಲ್ಲಿಗೆ ನಿಲ್ಲಲಿಲ್ಲ. ಕಣ್ಣು ಕಾಣದ ಒಬ್ಬರು ಬಂದಾಗ ಭಾವ ಗಾಜಿನ ಪೆಟ್ಟಿಗೆಯ ಬೀಗ ತೆಗೆದು ಔಷಧ ಅರೆಯುವ ಕಲ್ಲಿನ ಖಲ್ವವನ್ನು ಅವರ ಮಡಿಲಿಗಿಟ್ಟರು. ಅಂದಿನಿಂದ ಅದು ಪೆಟ್ಟಿಗೆಗೆ ಮರಳಲಿಲ್ಲ. ಹಿಪ್ಪಲಿ, ಬಜೆ, ಲಾವಂಚದ ಡಬ್ಬಿಗಳನ್ನು ಎಲ್ಲರೂ ಮೂಸುವ ಹಾಗೆ ಮೇಜಿನ ಮೇಲೆ ಜೋಡಿಸಿದರು. ಅವನ್ನು ಸಂಜೆ ಸರಿಯಾದ ಜಾಗಕ್ಕೆ ಇಡುವ ಕೆಲಸ ನನ್ನದು. ಮೆತ್ತಿಗೆ, ಅಂದರೆ ಮಹಡಿಗೆ, ಹತ್ತುವ ಏಣಿ ಮಾತ್ರ ಯಾವ ಉಪಾಯಕ್ಕೂ ಬಗ್ಗಲಿಲ್ಲ. ಹತ್ತಲಾಗದವರನ್ನು ಕೆಳಗೆ ಬೆಂಚಿನ ಮೇಲೆ ಕೂರಿಸಿ ಭಾವ ತಾವು ಮೇಲೆ ಹೋಗಿ ಕ್ರಿಕೆಟ್ ಕಾಮೆಂಟರಿಯ ಹಾಗೆ ಕೂಗುತ್ತಿದ್ದರು. "ಈಗ ಕಿಟಕಿ ತೆಗೀತಾ ಇದ್ದೇನೆ. ಬಲಗಡೆ ಮರದ ಪೆಟ್ಟಿಗೆ. ಅದರ ಮೇಲೆ ಒಂದು ಬೆಕ್ಕು. ಬೆಕ್ಕು ಮ್ಯೂಸಿಯಮ್ಮಿಗೆ ಸೇರಿದ್ದಲ್ಲ." ಮೇಲಿನ ಸಾಮಾನುಗಳನ್ನು ಒಂದೊಂದಾಗಿ ಬುಟ್ಟಿಯಲ್ಲಿಟ್ಟು ಹಗ್ಗದಲ್ಲಿ ಇಳಿಸುತ್ತಿದ್ದರು. ಕಾಲು ಗಟ್ಟಿಯಿದ್ದವರೂ ಹತ್ತುವುದನ್ನು ಬಿಟ್ಟು ಬೆಂಚಿನಲ್ಲಿ ಜಾಗ ಹಿಡಿಯುತ್ತಿದ್ದರು.

ಯಾರನ್ನು ನೋಡಿದರೂ "ಏನಾಯಿತು, ಯಾವಾಗಿನಿಂದ?" ಎಂದು ಕೇಳುವುದು ನನ್ನ ಆಸ್ಪತ್ರೆಯ ರೂಢಿ. ಭಾವ ಅದಕ್ಕೆ ಒಂದೇ ಮಾತು ಹೇಳಿದ್ದರು. "ಮೇಟ್ರನ್ನೇ, ನೆಂಟ್ರ ಹತ್ರ ಎಂತ ಕುಡೀತ್ರಿ ಕೇಳವು. ಎಂತ ಆಜು ಹೇಳಿ ಅವ್ವೇ ಬೇಕಾದ್ರೆ ಹೇಳ್ತ." ಏನಾಗಿದೆ ಎಂಬುದನ್ನು ಬೇಕಿದ್ದರೆ ಅವರೇ ಹೇಳಲಿ ಎಂಬ ಇದನ್ನು ಅಷ್ಟು ವರ್ಷದ ತರಬೇತಿಯಲ್ಲಿ ನನಗೆ ಯಾರೂ ಕಲಿಸಿರಲಿಲ್ಲ. ಈಗ ಬಸ್ಸಿನಲ್ಲಿ ಪಕ್ಕ ಕುಳಿತವರನ್ನೂ ನಾನು ಹೀಗೇ ಮಾತಾಡಿಸುತ್ತೇನೆ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಭಾವ ಏಳಲಿಲ್ಲ. ಯಾರಿಂದಲೂ ಒಂದು ಲೋಟ ನೀರಿನ ಉಪಚಾರ ಮಾಡಿಸಿಕೊಳ್ಳಲಿಲ್ಲ. ಟೀಚರು ಬಂದು ಅಕ್ಕನ ಕೈ ಹಿಡಿದು ಬಹಳ ಹೊತ್ತು ಕುಳಿತಿದ್ದರು. ಈ ವರ್ಷವೂ ಒಂದು ತರಗತಿಯನ್ನು ಕರೆತಂದರು.

ಮೊನ್ನೆ ಎತ್ತರದವರೊಬ್ಬರ ಹಣೆ ಆ ಮರಕ್ಕೆ ಜೋರಾಗಿ ಬಡಿಯಿತು. ಟೀಚರ ಮೊದಲ ಭೇಟಿಯ ದಿನ ಭಾವ ಬಡಿಸಿಕೊಂಡ ನಂತರ ಈ ಬಾಗಿಲಲ್ಲಿ ಪೆಟ್ಟು ತಿಂದವರಲ್ಲಿ ಅವರೇ ಮೊದಲಿಗರು. ಟ್ರಸ್ಟಿನವರು ಹೆಬ್ಬಾಗಿಲನ್ನೇ ಮತ್ತೆ ತೆರೆಯೋಣ ಎಂದರು. ನಾನು ಬೇಡವೆಂದು ಬಡಗಿಯನ್ನು ಕರೆಸಿದೆ.

ಬಡಗಿ ರಬ್ಬರು ಅಳೆದು ಮರದ ಉದ್ದಕ್ಕೂ ಹಿಡಿದ. ಅಕ್ಕ ಅವನನ್ನು ತಡೆದಳು. "ಆ ಹೊಳಿಯೋ ಜಾಗ ಬಿಡು. ಎರಡೂ ಬದಿಗೆ ಹೊಡಿ."

"ನಡುವೆ ಬಿಟ್ರೆ ತಲೆ ತಾಗೋದು ಅಲ್ಲಿಗೇ ಅಲ್ವಾ ಅಮ್ಮ?"

"ರಬ್ಬರು ಆಸ್ರಿಗೆ ಕೇಳ್ತಾ?" ಅಂದಳು ಅಕ್ಕ. ಆಮೇಲೆ ನನ್ನ ಕಡೆ ಬೆರಳು ಮಾಡಿದಳು. "ಅಲ್ಲಿ ಕೈ ಇಡ್ಲೆ ಇದು ಇದ್ದು. ಇದ್ಕೆ ಬಾಗಿಲು ಸಮಾ ಅಳತೆ."

ಅದು ಭಾವನದೇ ಹಳೆಯ ತಮಾಷೆ. ಈ ಮನೆಯಲ್ಲಿ ಬಗ್ಗದೆ ಬರುವವರು ಟೀಚರು ಮತ್ತು ಮೇಟ್ರನ್ನು ಇಬ್ಬರೇ ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು.

ಬಡಗಿ ಎರಡೂ ಬದಿಗೆ ಮೆತ್ತೆ ಹೊಡೆದ. ಮೊಳೆಯ ತಲೆ ಹೊರಗೆ ಉಳಿದಿದೆಯೇ ಎಂದು ನಾನು ಒಂದೊಂದನ್ನೂ ಮುಟ್ಟಿ ನೋಡಿದೆ. ನಡುವಿನ ನುಣುಪು ಜಾಗಕ್ಕೆ ಕೈಯ ಹಿಂಭಾಗ ಒತ್ತಿ ನಿಂತೆ. ನನ್ನ ಕೈ ಅಲ್ಲಿ ಅರ್ಧ ಜಾಗವನ್ನೂ ತುಂಬಲಿಲ್ಲ. ಆದರೂ ಬಡಗಿ ಸಾಮಾನಿನ ಚೀಲ ಹೆಗಲಿಗೇರಿಸಿ ಒಳಗೆ ಬರುವಾಗ ಅವನ ನೆತ್ತಿ ಸರಿಯಾಗಿ ನನ್ನ ಅಂಗೈಗೇ ತಾಗಿತು.

"ಆಸ್ರಿಗೆ ಎಂತ ಬೇಕು?" ಎಂದು ಕೇಳಿದೆ.

"ಚಾ ಆದ್ರೆ ಸಾಕು," ಅಂದ ಅವನು, ತಲೆ ಸವರಿಕೊಳ್ಳುತ್ತ.

ಮೂವರೂ ಚಹ ಕುಡಿದೆವು. ಲೋಟ ತೊಳೆದು ಬೋರಲು ಹಾಕಿದೆ. ಬಾಗಿಲ ಪಕ್ಕದ ಕೊಡಕ್ಕೆ ನೀರು ತುಂಬಿಸಿದೆ. ಕೆಲಸ ಮುಗಿಯಿತು.